ಕೊಳತ್ತೂರಿನ ಹೊನ್ನಮೀನು

ಚೆನ್ನೈಯ ಮೂರ್ ಮಾರ್ಕೆಟ್ ನಿಲ್ದಾಣದಿಂದ ಆವಡಿಯ ಕಡೆಗೆ ಹೋಗುವ ಲೋಕಲ್ ಗಾಡಿಯನ್ನು ಹಿಡಿದು ವಿಲ್ಲಿವಾಕ್ಕಂನಲ್ಲಿ ಇಳಿದು, ಹಳಿಗಳನ್ನು ದಾಟಿ ಉತ್ತರಕ್ಕೆ ಹೋದರೆ ಕೊಳತ್ತೂರು ಸಿಗುತ್ತದೆ. ಊರು ಎನ್ನುವುದು ಹಳೆಯ ರೂಢಿ. ಈಗ ಅದು ನಗರದ ಹೊಟ್ಟೆಯೊಳಗೇ ಸೇರಿಹೋದ ಒಂದು ಬಡಾವಣೆ. ಔಷಧಿಯ ಅಂಗಡಿ, ಮೊಬೈಲಿನ ಅಂಗಡಿ, ಬಿರಿಯಾನಿಯ ಅಂಗಡಿ, ಇವುಗಳ ನಡುವೆ ಸಾಲಾಗಿ ಮೀನಿನ ಅಂಗಡಿಗಳು. ತಿನ್ನುವ ಮೀನಲ್ಲ, ನೋಡುವ ಮೀನು. ಭಾರತದಲ್ಲಿ ಅಲಂಕಾರದ ಮೀನು ಸಾಕುವ ಯಾವ ಮನೆಯಲ್ಲಿ ವಿಚಾರಿಸಿದರೂ ಆ ಮೀನಿನ ತವರು ಕೊಳತ್ತೂರೋ, ಕೋಲ್ಕತ್ತವೋ, ಮುಂಬಯಿಯೋ ಆಗಿರುವ ಸಂಭವ ಬಹಳ.

ಹೆಸರನ್ನು ಬಿಡಿಸಿಕೊಳ್ಳಲು ಕನ್ನಡಿಗರಿಗೆ ಯಾರ ಸಹಾಯವೂ ಬೇಡ: ಕೊಳದ ಊರು. ಊರಿನ ಅಂಚಿನಲ್ಲಿ ರೆಟ್ಟೇರಿ ಎಂಬ ಕೆರೆ ಇದೆ, ಎಂದರೆ ಜೋಡಿ ಕೆರೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ, ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ಒಂದೇ ಮಾತನ್ನು ಹಂಚಿಕೊಳ್ಳುವಾಗ ನೀರು ಅವರ ಪಾಲಿಗೂ ಮಣ್ಣು ನಮ್ಮ ಪಾಲಿಗೂ ಬಂದಿತೆಂದು ಜೊತೆಯಲ್ಲಿದ್ದ ಮಿತ್ರರೊಬ್ಬರು ಮೆಲ್ಲನೆ ಹೇಳಿದರು. ನೀರಿನ ಪ್ರಸ್ತಾಪ ಬಂದಾಗ ಈ ಊರಿನಲ್ಲಿ ನಾವು ದನಿ ತಗ್ಗಿಸಿ ಮಾತನಾಡುವುದೇ ಕ್ಷೇಮ!

ನಾವು ಕೊಳತ್ತೂರಿಗೆ ಹೋದದ್ದು ಮೀನು ಕೊಳ್ಳುವುದಕ್ಕಲ್ಲ. ನಾವಿರುವ ವಸತಿಗೃಹಗಳ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಹಳೆಯ ಸಿಮೆಂಟಿನ ತೊಟ್ಟಿ ಇದೆ. ಎಲ್ಲರ ಮನೆಗೂ ಯಂತ್ರ ಬಂದ ಮೇಲೆ ತೊಟ್ಟಿಗೆ ಕೆಲಸವಿಲ್ಲದೆ ಸೊಳ್ಳೆಗಳು ಅದನ್ನು ವಹಿಸಿಕೊಂಡಿದ್ದವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಎಲ್ಲರೂ ಸೇರಿ ಆರು ಹೊನ್ನಮೀನುಗಳನ್ನು ಬಿಟ್ಟೆವು. ಯಾರೋ ನೆರಳಿಗೆಂದು ಎರಡು ಅಂತರಗಂಗೆಯ ಗಿಡಗಳನ್ನೂ ತೇಲಿಬಿಟ್ಟರು. ಸೊಳ್ಳೆ ಹೋಯಿತು. ಎರಡು ವರ್ಷಗಳಲ್ಲಿ ಮೀನು ಎಷ್ಟಾಯಿತೆಂಬುದನ್ನು ನಮ್ಮ ಮಗಳು ಬಲೆಯಲ್ಲಿ ಹಿಡಿದು ಹಿಡಿದು ಬಕೆಟ್ಟಿಗೆ ಹಾಕಿ ಎಣಿಸಿದಳು: 163. ಅವುಗಳಲ್ಲಿ ಅರ್ಧಕ್ಕರ್ಧ ಹೊನ್ನೂ ಅಲ್ಲ, ಬೆಳ್ಳಿಯೂ ಅಲ್ಲ, ಕೆಸರಿನ ಬಣ್ಣ. ಬೆಳಗಿನ ಜಾವದಲ್ಲಿ ಎಲ್ಲವೂ ನೀರಿನ ಮೇಲಕ್ಕೆ ಬಂದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದವು. ನಮ್ಮ ಮನೆಯವರು ಅವು ತಿಂಡಿ ಕೇಳುತ್ತಿವೆ ಎಂದುಕೊಂಡರು. ಮಿತ್ರರು ಅವು ಗಾಳಿ ಕೇಳುತ್ತಿವೆ ಎಂದರು.

ಇವುಗಳನ್ನು ಏನು ಮಾಡುವುದೆಂಬ ಚರ್ಚೆ ಎರಡು ಭಾನುವಾರ ನಡೆಯಿತು. ಮೇಲಿನ ಮನೆಯ ರಾಯರು ವಯಸ್ಸಾದವರು, ಪುರಾಣ ಬಲ್ಲವರು. ಅವರು ಮನುವಿನ ಕಥೆಯನ್ನೇ ಎತ್ತಿಕೊಂಡರು. ಮನುವಿನ ಬೊಗಸೆಗೆ ಒಂದು ಮರಿಮೀನು ಬಂದಿತು. ಅವನು ಅದನ್ನು ಪಾತ್ರೆಯಲ್ಲಿಟ್ಟ, ಹಿಡಿಸಲಿಲ್ಲ. ಕೊಳಕ್ಕೆ ಬಿಟ್ಟ, ಹಿಡಿಸಲಿಲ್ಲ. ಕೊನೆಗೆ ಸಮುದ್ರಕ್ಕೆ ಬಿಟ್ಟ. ಅದೇ ಮೀನು ಪ್ರಳಯದಲ್ಲಿ ಅವನ ಹಡಗನ್ನು ಎಳೆದು ಉಳಿಸಿತು. “ಆದ್ದರಿಂದ ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ” ಎಂದು ರಾಯರ ತೀರ್ಪು. ಕೆಳಗಿನ ಮನೆಯ ಹುಡುಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವವನು. “ರಾಯರೇ, ಮನುವಿನ ಮೀನು ಒಂದೇ ಒಂದು” ಎಂದ. ಮಾತು ಬೆಳೆಯುವುದಕ್ಕೆ ಮೊದಲು, ಕಸುಬಿನವರನ್ನೇ ಕೇಳಿ ಬರೋಣವೆಂದು ನಾವು ಹೊರಟೆವು.

ಅಂಗಡಿಗಳ ವಿಷಯ ಹೆಚ್ಚು ಬರೆಯುವುದಿಲ್ಲ. ಗಾಜಿನ ಪೆಟ್ಟಿಗೆ, ಬಣ್ಣದ ಕಲ್ಲು, ಪ್ಲಾಸ್ಟಿಕ್ಕಿನ ಗಿಡ, ಗುಳ್ಳೆ ಬಿಡುವ ಮೋಟಾರು, ಇವು ಎಲ್ಲ ಊರಿನಲ್ಲಿಯೂ ಇವೆ. ಅಂಗಡಿಯ ಹಿಂದಿನ ಗಲ್ಲಿಗಳು ನೋಡುವಂಥವು. ಅಲ್ಲಿ ಮನೆಯ ಮುಂದೆ, ಮನೆಯ ಹಿಂದೆ, ಕೆಲವು ಕಡೆ ಮಾಳಿಗೆಯ ಮೇಲೂ ತೊಟ್ಟಿಗಳು. ನಗರದಲ್ಲಿ ನೆಲದ ಬೆಲೆ ಏರಿದಂತೆಲ್ಲ ದೊಡ್ಡ ಹೊಂಡಗಳು ಪುಳಲ್, ಕದಿರ್‌ವೇಡು, ರೆಡ್‌ಹಿಲ್ಸ್ ಕಡೆಗೆ ಸರಿದಿವೆ. ಆದರೂ ಹಿತ್ತಿಲಿನ ಕಸುಬು ಪೂರ್ತಿ ಹೋಗಿಲ್ಲ. ಒಂದು ಮನೆಯ ಬಾಗಿಲಲ್ಲಿ ಅಂತರಗಂಗೆಯ ರಾಶಿಯನ್ನು ಕಂಡು ನಾವು ನಿಂತೆವು. ಒಡತಿ ಐವತ್ತರ ಆಸುಪಾಸಿನ ಹೆಂಗಸು. ಬೀದಿಯವರೆಲ್ಲ ಅಕ್ಕಾ ಎಂದು ಕರೆಯುತ್ತಿದ್ದರು. ಈ ಒಂದು ಮಾತಿಗೆ ತಮಿಳು ಕನ್ನಡದ ಭೇದವಿಲ್ಲವಾದ್ದರಿಂದ ನಾವೂ ಹಾಗೆಯೇ ಕರೆದೆವು. “ವಾಂಗೋ ಸಾರ್, ಉಳ್ಳೇ ವಾಂಗೋ” ಎಂದು ಒಳಗೆ ಕರೆದು ಮೊದಲು ಕುಡಿಯಲು ನೀರು ಕೊಟ್ಟಳು.

ಹಿತ್ತಿಲು ಒಂದು ಮದುವೆಯ ಚಪ್ಪರದಷ್ಟು ಅಗಲ. ಅದರಲ್ಲಿ ಹನ್ನೊಂದು ತೊಟ್ಟಿಗಳು; ಎಲ್ಲಕ್ಕೂ ಬಲೆ ಹೊದಿಸಿದೆ. ಮಿಂಚುಳ್ಳಿಗೂ ಕೊಕ್ಕರೆಗೂ ಹೊನ್ನಮೀನಿನಷ್ಟು ಸುಲಭದ ಬೇಟೆ ಇನ್ನೊಂದಿಲ್ಲ, ಬಣ್ಣವೇ ಅದರ ಶತ್ರು. ಬಿಸಿಲಿಗೆ ತೆಂಗಿನ ಗರಿಯ ನೆರಳು. ಹೊನ್ನಮೀನು ತಂಪು ದೇಶದ ಮೀನು; ಚೆನ್ನೈಯ ಕತ್ತರಿ ಬಿಸಿಲನ್ನು ಅದು ನಮ್ಮಂತೆಯೇ ಸಹಿಸಿಕೊಂಡಿರುತ್ತದೆ, ಅಷ್ಟೆ. ಮಳೆ ಬಿದ್ದು ನೀರು ತಣ್ಣಗಾದ ಮೇಲೆ ಅದಕ್ಕೆ ಸಂಸಾರದ ನೆನಪಾಗುತ್ತದೆ ಎಂದು ಅಕ್ಕ ಹೇಳಿದಳು.

ಗಂಡು ಯಾವುದು, ಹೆಣ್ಣು ಯಾವುದು? ನೋಡಿದರೆ ಎರಡೂ ಒಂದೇ. ಕಾಲ ಬಂದಾಗ ಗಂಡಿನ ಕಿವಿರಿನ ಮುಚ್ಚಳದ ಮೇಲೂ ಎದೆಯ ರೆಕ್ಕೆಯ ಅಂಚಿನಲ್ಲಿಯೂ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳೇಳುತ್ತವೆ. ಇದನ್ನು ರೋಗವೆಂದು ತಿಳಿದು ಔಷಧಿ ಹಾಕುವವರೂ ಇದ್ದಾರಂತೆ. ಹೆಣ್ಣಿನ ಹೊಟ್ಟೆ ತುಂಬಿ ಒಂದು ಪಕ್ಕಕ್ಕೆ ಹೆಚ್ಚಾಗಿ ಕಾಣುತ್ತದೆ. ಒಂದು ಹೆಣ್ಣಿಗೆ ಎರಡು ಗಂಡಿನಂತೆ ಸಂಜೆಯ ಹೊತ್ತು ಶುದ್ಧವಾದ ನೀರಿಗೆ ಬಿಟ್ಟರೆ ಮರುದಿನ ನಸುಕಿನಲ್ಲಿ ಓಟ ಶುರು. ಗಂಡುಗಳು ಹೆಣ್ಣನ್ನು ಅಟ್ಟಿಕೊಂಡು ಹೋಗಿ ಅಂತರಗಂಗೆಯ ಬೇರುಗಳಿಗೆ ಒತ್ತುತ್ತವೆ. ಮೊಟ್ಟೆ ಉದುರುತ್ತದೆ, ಬೇರಿಗೆ ಅಂಟಿಕೊಳ್ಳುತ್ತದೆ. ಗಸಗಸೆಗಿಂತ ಸ್ವಲ್ಪ ದಪ್ಪ, ನಸುಹಳದಿ, ಪಾರದರ್ಶಕ. ದೊಡ್ಡ ಹೆಣ್ಣು ಒಂದು ಬಾರಿಗೆ ಸಾವಿರಕ್ಕೂ ಹೆಚ್ಚು ಇಡುತ್ತದೆ. ಓಟ ಮುಗಿದ ಮರುಕ್ಷಣವೇ ತಂದೆತಾಯಿಗಳು ತಿರುಗಿ ಬಂದು ತಮ್ಮ ಮೊಟ್ಟೆಗಳನ್ನೇ ಹೆಕ್ಕಿ ತಿನ್ನಲು ಆರಂಭಿಸುತ್ತವೆ. ಆದ್ದರಿಂದ ಅಕ್ಕ ಆ ಗಿಡಗಳನ್ನು ಎತ್ತಿ ಬೇರೆ ತೊಟ್ಟಿಗೆ ಹಾಕುತ್ತಾಳೆ. ಕೆರೆಗಳನ್ನು ಮುಚ್ಚಿಹಾಕುವ ಅಂತರಗಂಗೆಯನ್ನು ಊರೆಲ್ಲ ಶಪಿಸುತ್ತದೆ. ಈ ಗಲ್ಲಿಯಲ್ಲಿ ಮಾತ್ರ ಅದು ಬಾಣಂತಿಯ ಕೋಣೆ. ಗಿಡ ಸಿಗದ ದಿನ ನೈಲಾನ್ ಹಗ್ಗವನ್ನು ಬಿಚ್ಚಿ ಕುಚ್ಚು ಮಾಡಿ ತೇಲಿಬಿಟ್ಟರೂ ನಡೆಯುತ್ತದೆ.

ನಮ್ಮ ತೊಟ್ಟಿಯ ರಹಸ್ಯ ಅಲ್ಲಿಯೇ ಬಯಲಾಯಿತು. ಗಿಡವಿಲ್ಲದ ಬರಿಯ ತೊಟ್ಟಿಯಾಗಿದ್ದರೆ ಮೊಟ್ಟೆಯಲ್ಲಿ ಬಹುಪಾಲು ಹೆತ್ತವರ ಹೊಟ್ಟೆಗೇ ಹೋಗುತ್ತಿತ್ತು. ನಮ್ಮ ಎರಡು ಗಿಡ ಎರಡು ವರ್ಷದಲ್ಲಿ ತೊಟ್ಟಿಯ ಮುಕ್ಕಾಲು ಭಾಗ ಹಬ್ಬಿದ್ದವು. ಬೇರುಗಳ ಕಾಡಿನಲ್ಲಿ ಅಡಗಿದ ಮರಿಗಳೆಲ್ಲ ಉಳಿದುಕೊಂಡಿದ್ದವು.

ಇಲ್ಲಿಯ ನೀರಿನ ಶಾಖಕ್ಕೆ ಎರಡು ಮೂರು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಮರಿ ಎಂದರೆ ಎರಡು ಕಣ್ಣು, ಒಂದು ಕೂದಲೆಳೆ. ಅದು ಎರಡು ದಿನ ತೊಟ್ಟಿಯ ಗೋಡೆಗೆ ಅಂಟಿಕೊಂಡು, ಹುಟ್ಟುವಾಗ ತಂದ ಬುತ್ತಿಯನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಈಜಲು ಹೊರಟಾಗ ಹಸಿವು. ಬಾಳೆಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ಕೊಳೆಯಿಸಿ ಅದರಲ್ಲಿ ಹುಟ್ಟುವ ಕಣ್ಣಿಗೆ ಕಾಣದ ಜೀವಿಗಳನ್ನು ಲೋಟದಲ್ಲಿ ಮೊಗೆದು ಹಾಕುತ್ತಾರೆ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿಯೂ ಹಾಕುತ್ತಾರೆ. ಈ ಮಾತು ಬಂದಾಗ ನಮ್ಮ ಮನೆಯವರು ನಮ್ಮ ಕಡೆ ಒಂದು ನೋಟ ನೋಡಿದರು. ನಮ್ಮ ಅಡಿಗೆಮನೆಯಲ್ಲಿ ಕೋಳಿಮೊಟ್ಟೆ ಬೇಯುವುದು ಪ್ರಳಯಕ್ಕೆ ಸ್ವಲ್ಪ ಮುಂಚೆ! ಮರಿ ದೊಡ್ಡದಾದಂತೆ ನೀರಿನ ಸಣ್ಣ ಹುಳುಗಳು, ಆಮೇಲೆ ಕೆಂಪು ಹುಳು, ಆಮೇಲೆ ಕಾಳಿನಂಥ ತಯಾರಿ ಮೇವು.

ಮೂರನೆಯ ವಾರದ ಹೊತ್ತಿಗೆ ನಿಜವಾದ ಕೆಲಸ. ನಾವು ಹೋದ ದಿನ ಅದೇ ನಡೆಯುತ್ತಿತ್ತು. ಅಕ್ಕನ ಸೊಸೆ ಬಿಳಿಯ ಬೇಸಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಚಮಚದಲ್ಲಿ ಒಂದೊಂದೇ ಮರಿಯನ್ನು ನೋಡಿ ಎಡಕ್ಕೆ, ಬಲಕ್ಕೆ ಹಾಕುತ್ತಿದ್ದಳು. ಬಾಲ ಎರಡಾಗಿ ಹರಡಿದ್ದರೆ ಬಲಕ್ಕೆ. ಒಂದೇ ಬಾಲ, ಸೊಟ್ಟ ಬೆನ್ನು, ಕುಗ್ಗಿದ ರೆಕ್ಕೆ, ಎಡಕ್ಕೆ. ಅಕ್ಕಿ ಆರಿಸುವ ಕೈಯ ವೇಗ. ಎಡದ ಪಾತ್ರೆ ಬಲದ್ದಕ್ಕಿಂತ ಬೇಗ ತುಂಬುತ್ತಿತ್ತು.

“ಅವು ಎಲ್ಲಿಗೆ ಹೋಗುತ್ತವೆ?” ಎಂದು ಮಗಳು ಕೇಳಿದಳು. ನಾವು ಸುಳ್ಳು ಹುಡುಕುತ್ತಿರುವಾಗಲೇ ಅಕ್ಕ ಕೈ ತೋರಿಸಿದಳು: ಮೂಲೆಯ ತೊಟ್ಟಿಯಲ್ಲಿ ಮೊಳದುದ್ದದ, ಬೇರೆ ಜಾತಿಯ ಮೀನುಗಳು ಬಾಯಿ ತೆರೆದು ಸುತ್ತುತ್ತಿದ್ದವು. ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕ್ಕ ಅವಳ ಪಕ್ಕದಲ್ಲಿ ಕುಳಿತು ಹೇಳಿದ ಮಾತನ್ನು ನಮಗೆ ಬಂದಷ್ಟು ತಮಿಳಿನಲ್ಲಿ ಹೀಗೆಂದು ಅರ್ಥಮಾಡಿಕೊಂಡೆವು: “ಎಲ್ಲವನ್ನೂ ಇಟ್ಟುಕೊಂಡರೆ ಎಲ್ಲವೂ ಸಾಯುತ್ತವೆ ಕಣ್ಣು. ಒಂದು ತೊಟ್ಟಿಗೆ ಒಂದು ಲೆಕ್ಕ. ಅದನ್ನು ನಾನು ಮಾಡದಿದ್ದರೆ ನೀರು ಮಾಡುತ್ತದೆ. ನೀರು ಮಾಡುವಾಗ ಚೆನ್ನಾಗಿರುವುದು, ಸೊಟ್ಟಗಿರುವುದು ಎಂದು ನೋಡುವುದಿಲ್ಲ.”

ಹೊನ್ನಮೀನಿನ ಚರಿತ್ರೆಯೆಲ್ಲ ಈ ಚಮಚದಲ್ಲಿಯೇ ಇದೆ. ಹೊನ್ನಮೀನು ನಿಸರ್ಗದಲ್ಲಿ ಎಲ್ಲಿಯೂ ಇರಲಿಲ್ಲ. ಚೀನದ ಕೆರೆಗಳಲ್ಲಿ ಕೆಸರು ಬಣ್ಣದ ಒಂದು ಸಾಧಾರಣ ಮೀನಿನಲ್ಲಿ ಅಪರೂಪಕ್ಕೊಮ್ಮೆ ಕೆಂಪು, ಹಳದಿ ಮರಿ ಹುಟ್ಟುತ್ತಿತ್ತು. ಸಾವಿರ ವರ್ಷಕ್ಕೂ ಹಿಂದೆ ಯಾರೋ ಅದನ್ನು ಎತ್ತಿ ಬೇರೆ ಕೊಳದಲ್ಲಿಟ್ಟರು. ಸುಂಗ್ ಅರಸರ ಕಾಲದಲ್ಲಿ ಅದು ಶ್ರೀಮಂತರ ತೋಟಗಳ ಅಲಂಕಾರವಾಯಿತು. ಮಿಂಗ್ ಅರಸರ ಕಾಲಕ್ಕೆ ಕೊಳ ಬಿಟ್ಟು ಮನೆಯೊಳಗಿನ ಪಿಂಗಾಣಿ ಪಾತ್ರೆಗೆ ಬಂದಮೇಲೆ ಉಬ್ಬುಗಣ್ಣು, ಹರಡುಬಾಲಗಳ ವಿಚಿತ್ರಗಳೆಲ್ಲ ಹೆಚ್ಚಿದವು. ಹದಿನಾರನೆಯ ಶತಮಾನದ ಮೊದಲಲ್ಲಿ ಜಪಾನಿಗೆ, ಹದಿನೇಳರಲ್ಲಿ ಯೂರೋಪಿಗೆ. 1758ರಲ್ಲಿ ಲಿನ್ನೇಯಸ್ ಪಂಡಿತ ಅದಕ್ಕೆ ಶಾಸ್ತ್ರದ ಹೆಸರಿಟ್ಟ. ಜಪಾನಿನ ನಾರಾ ಪ್ರಾಂತ್ಯದ ಯಮಾತೊ ಕೊರಿಯಾಮ ಎಂಬ ಊರಿಗೆ 1724ರಲ್ಲಿ ಹೊಸದಾಗಿ ಬಂದ ಪಾಳೆಯಗಾರನೊಡನೆ ಹೊನ್ನಮೀನೂ ಬಂದಿತು. ಸಣ್ಣ ಸಂಬಳದ ಸಮುರಾಯಿಗಳು ಅದನ್ನು ಉಪವೃತ್ತಿಯಾಗಿ ಕೈಗೊಂಡರು. ಇಂದಿಗೂ ಅದು ಮೀನಿನ ಊರೇ. ತಿಂಗಳ ಕೊನೆಯ ವಾರವನ್ನು ಬಲ್ಲ ನಮ್ಮ ಕಛೇರಿಯ ಬಂಧುಗಳು ಈ ಸಮುರಾಯಿಗಳ ಮನಸ್ಸನ್ನು ಸುಲಭವಾಗಿ ಅರಿಯಬಲ್ಲರು.

ಮೀನಿನ ವಿಚಾರದಲ್ಲಿ ನಮ್ಮವರೂ ಹಿಂದಿನವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಮೇವು ಎಂಬುದನ್ನೂ ದೊರೆ ಬಿಡದೆ ಹೇಳಿದ್ದಾನೆ. ಅವನದು ಗಾಳದ ವಿನೋದ, ಆ ಮಾತು ಬೇರೆ.

ಚಮಚವನ್ನು ಕೆಳಗಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ತೊಟ್ಟಿಯೇ ಸಾಕ್ಷಿ. ಹೊನ್ನಮೀನಿನ ಮರಿ ಹುಟ್ಟುವಾಗ ಎಲ್ಲವೂ ಕಂದು. ಬಣ್ಣ ತಿರುಗುವುದಕ್ಕೆ ಕೆಲವು ತಿಂಗಳು ಬೇಕು, ಕೆಲವು ತಿರುಗುವುದೇ ಇಲ್ಲ. ಆರಿಸುವವರಿಲ್ಲದ ಕೊಳದಲ್ಲಿ, ಕೆಂಪಾದದ್ದನ್ನು ಹಕ್ಕಿ ಮೊದಲು ಆರಿಸಿಕೊಳ್ಳುತ್ತದೆ. ಕೆಲವು ತಲೆಮಾರಿನಲ್ಲಿ ಮೀನು ಚೀನದ ಕೆಸರು ಬಣ್ಣಕ್ಕೆ ಹಿಂದಿರುಗತೊಡಗುತ್ತದೆ. ಸಾವಿರ ವರ್ಷದ ಹೊನ್ನನ್ನು ಕರಗಿಸಲು ಹಿತ್ತಿಲ ತೊಟ್ಟಿಗೆ ಹೆಚ್ಚು ಕಾಲ ಬೇಡ.

ನಮ್ಮ 163ರ ಸಂಗತಿ ಹೇಳಿದಾಗ ಅಕ್ಕ ನಗಲಿಲ್ಲ. ತೊಟ್ಟಿಯ ಅಳತೆ ಕೇಳಿದಳು. ಉದ್ದ ಆರು ಅಡಿ, ಅಗಲ ನಾಲ್ಕು, ನೀರಿನ ಆಳ ಎರಡು. ನಾವು ಅಂಗೈಯ ಮೇಲೆ ಬರೆದು ಲೆಕ್ಕ ಹಾಕಿದೆವು: 48 ಘನ ಅಡಿ, ಹೆಚ್ಚು ಕಡಿಮೆ 1,360 ಲೀಟರು. ಬೆಳೆದ ಒಂದು ಮೀನಿಗೆ 40 ಲೀಟರಾದರೂ ಬೇಕೆಂದಳು. ಭಾಗಿಸಿದರೆ 34. ಇದ್ದದ್ದು 163.

ಆಗಲೇ ಬೆಳಗಿನ ಬಾಯಿಬಿಡುವಿಕೆಯ ಅರ್ಥ ತಿಳಿದದ್ದು. ರಾತ್ರಿ ಪಾಚಿಯೂ ಗಿಡವೂ ಮೀನೂ ಎಲ್ಲವೂ ಸೇರಿ ನೀರಿನ ಪ್ರಾಣವಾಯುವನ್ನು ತೀರಿಸುತ್ತವೆ, ನಸುಕಿಗೆ ಖಾಲಿ. ಮೀನು ಕಿವಿರಿನಿಂದಲೇ ಅಮೋನಿಯಾವನ್ನು ಹೊರಬಿಡುತ್ತದೆ. ತೊಟ್ಟಿಯ ಗೋಡೆಯ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅವುಗಳ ಶಕ್ತಿಗೂ ಒಂದು ಮಿತಿ. ಮಿತಿ ದಾಟಿದರೆ ಕಿವಿರು ಸುಡುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಹೊನ್ನಮೀನು ಪಾತ್ರೆ ಎಷ್ಟೋ ಅಷ್ಟಕ್ಕೇ ಬೆಳೆದು ಜಾಣತನದಿಂದ ನಿಲ್ಲುತ್ತದೆ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಅದು ಜಾಣತನವಲ್ಲ, ವಿಷದಲ್ಲಿ ಮುರುಟಿಕೊಳ್ಳುವುದು. ಒಂದು ದಿನ ಮೋಡ ಮುಚ್ಚಿ ಗಾಳಿ ನಿಂತರೆ ತೊಟ್ಟಿಯೆಲ್ಲ ಒಂದೇ ರಾತ್ರಿಯಲ್ಲಿ ತೇಲುತ್ತದೆ ಎಂದು ಅಕ್ಕ ಹೇಳಿದಳು.

ಹಾಗಾದರೆ ರಾಯರ ಕೆರೆ? ಅಕ್ಕ ತಲೆಯಾಡಿಸಿ, ಗಲ್ಲಿಯ ಕೊನೆಗೆ ಬೆರಳು ತೋರಿಸಿದಳು. 2015ರ ಡಿಸೆಂಬರಿನ ಮಹಾಮಳೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ, ಇವುಗಳನ್ನು ಚೆನ್ನೈಯಲ್ಲಿದ್ದ ಯಾರೂ ಮರೆತಿಲ್ಲ. ಅಂಥ ನೀರು ಬಂದಾಗ ತೊಟ್ಟಿ ಯಾವುದು, ಕಾಲುವೆ ಯಾವುದು, ಕೆರೆ ಯಾವುದು? ಸಾಕಿದ ಮೀನು ತಾನೇ ಹೊರಟುಹೋಗುತ್ತದೆ. ಜೊತೆಗೆ ಬೇಸರವಾದವರು ಬಕೆಟ್ಟಿನಲ್ಲಿ ತಂದು ಸುರಿಯುವುದು ಬೇರೆ. ಗಾಜು ನೆಕ್ಕಿ ಪಾಚಿ ತೆಗೆಯಲೆಂದು ಮಾರುವ, ಮುಳ್ಳು ಚರ್ಮದ ದಕ್ಷಿಣ ಅಮೆರಿಕದ ಮೀನು ಇಂದು ಚೆನ್ನೈ ಸುತ್ತಲಿನ ಕೆರೆಗಳಲ್ಲಿ ಬೇರೂರಿದೆ. ಬೆಸ್ತರ ಬಲೆ ಹರಿಯುತ್ತದೆ, ಅದನ್ನು ಕೊಳ್ಳುವವರಿಲ್ಲ. ಹೊನ್ನಮೀನಿನದೂ ತಂಪು ದೇಶಗಳಲ್ಲಿ ಇದೇ ಕಥೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಬರ್ನ್ಸ್‌ವಿಲ್ ಎಂಬ ಊರಿನ ಕೆರೆಯಲ್ಲಿ 2021ರಲ್ಲಿ ಕಾಲ್ಚೆಂಡಿನ ಗಾತ್ರದ ಹೊನ್ನಮೀನುಗಳು ಸಿಕ್ಕು, ದಯವಿಟ್ಟು ಸಾಕಿದ ಮೀನನ್ನು ಕೆರೆಗೆ ಬಿಡಬೇಡಿರೆಂದು ನಗರಾಡಳಿತವೇ ಜನರನ್ನು ಬೇಡಿಕೊಂಡಿತು. ಅದು ತಳದ ಕೆಸರನ್ನು ಕೆದಕಿ ನೀರನ್ನು ಕದಡುತ್ತದೆ, ನೀರಗಿಡಗಳನ್ನು ಕೀಳುತ್ತದೆ, ಇತರ ಮೀನುಗಳ ಮೊಟ್ಟೆಯನ್ನೂ ತಿನ್ನುತ್ತದೆ. ನಮ್ಮ ಪುಣ್ಯದ ಖರ್ಚನ್ನು ಕೆರೆಯ ಮೀನುಗಳು ಕೊಡಬೇಕಾಗುತ್ತದೆ.

ಮನೆಗೆ ಬಂದು ಇದನ್ನೆಲ್ಲ ರಾಯರಿಗೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿದರು. “ಮನು ಸಮುದ್ರಕ್ಕೆ ಬಿಟ್ಟದ್ದು ಸರಿಯೇ, ಅದು ಸಮುದ್ರದ್ದೇ ಮೀನು. ಇದು ಚೀನದ್ದು. ಅಲ್ಲಿಗೆ ಹೋಗಿ ಬಿಡಲು ನನಗೆ ಪಾಸ್‌ಪೋರ್ಟು ಇಲ್ಲ” ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಮುಂದಿನ ಭಾನುವಾರ ನೀರು ಅರ್ಧ ತುಂಬಿದ ಆರು ಬಕೆಟ್ಟುಗಳನ್ನು ಆಟೋದಲ್ಲಿಟ್ಟುಕೊಂಡು ಕೊಳತ್ತೂರಿಗೆ ಮತ್ತೆ ಹೋದೆವು. ಅಕ್ಕ 70 ಮೀನುಗಳನ್ನು ಆರಿಸಿ ತೆಗೆದುಕೊಂಡಳು. ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ನೋಡಿಕೊಂಡ ಮೇಲೆಯೇ ತನ್ನವುಗಳ ಜೊತೆ ಸೇರಿಸುವುದಂತೆ. ಹಣದ ಮಾತು ಎತ್ತಿದಳು, ನಾವು ಬೇಡವೆಂದೆವು. ಸಗಟು ವ್ಯಾಪಾರಿ ಒಂದು ಸಣ್ಣ ಮೀನಿಗೆ ಅವಳಿಗೆ ಕೊಡುವುದು ನಾವು ಅಂಗಡಿಯಲ್ಲಿ ಕೊಡುವ ಬೆಲೆಯ ಬಹು ಸಣ್ಣ ಪಾಲು. ಅದರಲ್ಲಿಯೇ ಮೇವು, ಕೊಳವೆಬಾವಿಯ ವಿದ್ಯುತ್ತು, ಸತ್ತವುಗಳ ನಷ್ಟ ಎಲ್ಲ. ಎಡದ ಪಾತ್ರೆಗೆ ಒಂದನ್ನೂ ಹಾಕುವುದಿಲ್ಲವೆಂದು ಮಗಳಿಗೆ ಅಕ್ಕ ತಾನಾಗಿಯೇ ಮಾತು ಕೊಟ್ಟಳು. ಕಸುಬಿನವರ ಬಾಯಲ್ಲಿ ಅದು ಸಣ್ಣ ಮಾತಲ್ಲ.

ತೊಟ್ಟಿಯ ಅಂತರಗಂಗೆಯನ್ನು ಒಂದೇ ಗಿಡ ಉಳಿಸಿ ಎಲ್ಲವನ್ನೂ ತೆಗೆದು ಒಣಗಿಸಿ ತೆಂಗಿನ ಬುಡಕ್ಕೆ ಹಾಕಿದ್ದೇವೆ. ಮೇವು ದಿನಕ್ಕೆ ಒಂದೇ ಹೊತ್ತು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರನ್ನು ತೆಗೆದು ಗಿಡಗಳಿಗೆ ಹಾಕಿ, ಕ್ಲೋರಿನ್ ಹೋಗಲೆಂದು ಒಂದು ದಿನ ಬಿಸಿಲಿನಲ್ಲಿ ತೆರೆದಿಟ್ಟ ನಲ್ಲಿಯ ನೀರನ್ನು ತುಂಬಿಸುತ್ತೇವೆ. ಮಳೆಯಾದ ಮರುದಿನ ನಸುಕಿನಲ್ಲಿ ಓಟ ನಡೆಯಿತೆಂದು ಕಂಡರೆ ಆ ಒಂದು ಗಿಡವನ್ನೂ ಹೊರಗೆ ತೆಗೆಯುವುದು ಕೆಳಮನೆಯ ಹುಡುಗನ ಜವಾಬ್ದಾರಿ. ಹೆತ್ತವರ ಹಸಿವಿನ ಮೇಲೆ ಉಳಿದ ಭಾರ.

ತೊಟ್ಟಿಯಲ್ಲಿ 34 ಇರುತ್ತವೆ. ಇನ್ನು 59 ಮೀನುಗಳು ಕಾಯುತ್ತಿವೆ. ಅವುಗಳನ್ನು ರಾಯರು ತಾವೇ ದುಡ್ಡು ಕೊಟ್ಟು ತಂದ ದೊಡ್ಡ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಗಾಳಿಯ ಮೋಟಾರು ಹಾಕಿ ಇಟ್ಟಿದ್ದೇವೆ. ಬೇಕಾದ ಸಂಘದ ಸದಸ್ಯರು ಮುಂದಿನ ತಿಂಗಳ ಸಭೆಗೆ ಬರುವಾಗ ಮುಚ್ಚಳವಿರುವ ಒಂದು ಬಕೆಟ್ಟನ್ನೂ, ತಮ್ಮ ತೊಟ್ಟಿಯ ಉದ್ದ ಅಗಲ ಆಳಗಳನ್ನು ಬರೆದ ಒಂದು ಚೀಟಿಯನ್ನೂ ತರಬೇಕು. ಲೆಕ್ಕ ಹಾಕಿ ಕೊಡುವವಳು ನಮ್ಮ ಮಗಳು. ಗಾಜಿನ ದುಂಡು ಬೋಗುಣಿಯವರಿಗೆ ಕೊಡುವುದಿಲ್ಲವೆಂದು ಈಗಲೇ ತಿಳಿಸಿಬಿಡಿ ಎಂದಿದ್ದಾಳೆ.